ಡಾಕ್ಟರ ಕಥೆಯ ಕೊನೆಯ ಪ್ಯಾರಾ

"ನಿಮ್ಮ ಪ್ರಾಮಾಣಿಕ ಅಭಿಪ್ರಾಯ ತಿಳಿಸಿ" ಎಂದು ಯಾರಾದರೂ ಕೇಳಿದರೆ ಅದನ್ನು ನಿಜವೆಂದೇ ನಂಬಿಬಿಡುವ ದೌರ್ಬಲ್ಯ ನನ್ನದು. ಮದುವೆಮನೆಯೊಂದರಲ್ಲಿ "ಊಟ ಹೇಗಿತ್ತು?" ಎಂದವರಿಗೆ "ಸಾರಿಗೆ ಉಪ್ಪು ಸ್ವಲ್ಪ ಮುಂದು" ಎಂದು ಹೇಳಿ, ಹೆಂಡತಿಯ ತವರಿನ ಕಡೆಯ ಒಂದು ಸಂಸಾರದ ಮಾತುಕತೆಯನ್ನೇ ಕಳೆದುಕೊಂಡಿದ್ದೇನೆ. ಆಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ಆದರೆ ಫೇಸ್‌ಬುಕ್ಕಿನಲ್ಲಿ ಬಾಯಿಯ ಕೆಲಸವನ್ನು ಹೆಬ್ಬೆರಳು ಮಾಡುತ್ತದೆ. ಅದಕ್ಕೆ ಬುದ್ಧಿ ಹೇಳುವುದನ್ನು ಮರೆತಿದ್ದೆ.

ಮೈಸೂರಿನ ಕಥಾಪ್ರಿಯರದೊಂದು ಗುಂಪು ಫೇಸ್‌ಬುಕ್ಕಿನಲ್ಲಿದೆ. ನಾನೂ ಅದರ ಸದಸ್ಯ. ಅಲ್ಲಿ ಯಾರು ಏನು ಬರೆದರೂ "ಸೂಪರ್ ಸಾರ್", "ಕಣ್ಣು ತುಂಬಿ ಬಂತು ಮೇಡಂ", ಕೆಳಗೆ ಸಾಲಾಗಿ ಮುಗಿದ ಕೈಗಳು. ಮೊನ್ನೆ ಗುರುವಾರ ಬೆಳಿಗ್ಗೆ ಅಲ್ಲಿ ತಮ್ಮ ಮೊದಲ ಕಥೆ ಹಾಕಿದವರು ಡಾಕ್ಟರ್ ಶೈಲಜಾ. ಸಿದ್ಧಾರ್ಥನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿದ್ದಾರೆ. ನನ್ನ ದವಡೆ ಹಲ್ಲಿನ ರೂಟ್ ಕೆನಾಲ್ ಅವರ ಕೈಯಲ್ಲೇ ಅರ್ಧ ಆಗಿತ್ತು. ಉಳಿದರ್ಧಕ್ಕೆ ಅದೇ ದಿನ ಸಾಯಂಕಾಲ ಬರಲು ಹೇಳಿದ್ದರು.

ಕಥೆ ನನಗೆ ನಿಜಕ್ಕೂ ಹಿಡಿಸಿತು. ಮಂಡಿ ಮೊಹಲ್ಲಾದ ಒಬ್ಬ ಮುದುಕ, ಮಗಳ ಮದುವೆಯ ಫೋಟೋದಲ್ಲಿ ನಗಬೇಕೆಂದು ಹಲ್ಲಿನ ಸೆಟ್ ಕಟ್ಟಿಸಿಕೊಳ್ಳುತ್ತಾನೆ. ಕನ್ನಡಿ ಕೊಟ್ಟಾಗ ಅಭ್ಯಾಸಬಲದಿಂದ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಆಮೇಲೆ ಮೆಲ್ಲಗೆ ಕೈ ಇಳಿಸುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಆದರೆ ಡಾಕ್ಟರು ಇನ್ನೊಂದು ಪ್ಯಾರಾ ಸೇರಿಸಿ, ನಗುವೇ ಬಾಳಿನ ಬೆಳಕು, ನಗದವನ ಬದುಕು ದೀಪವಿಲ್ಲದ ಮನೆ ಎಂದೆಲ್ಲ ವಿವರಿಸಿದ್ದರು. ಕೊನೆಗೆ, "ಪ್ರಾಮಾಣಿಕ ಅಭಿಪ್ರಾಯಗಳಿಗೆ ಸ್ವಾಗತ." ನಾನು ಬರೆದೆ: "ಮೇಡಂ, ಮುದುಕ ಕೈ ಇಳಿಸುವಲ್ಲಿಗೆ ಕಥೆ ಬಹಳ ಚೆನ್ನಾಗಿ ಮುಗಿದಿದೆ. ಕೊನೆಯ ಪ್ಯಾರಾ ಬರೀ ಉಪದೇಶ. ಅದನ್ನು ದಯವಿಟ್ಟು ಕಿತ್ತುಹಾಕಿ." 'ದಯವಿಟ್ಟು' ಎಂದು ಬರೆದ ಮೇಲೆ ಇನ್ನೇನು ವಿನಯ ಬೇಕು? ನೆಮ್ಮದಿಯಾಗಿ ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ನನ್ನ ಹೆಂಡತಿ ಸುಮಿತ್ರ ಫೋನು ಹಿಡಿದು ನಿಂತಿದ್ದಳು. "ಏನ್ರೀ ಇದು? ಸಾಯಂಕಾಲ ಅವರ ಮುಂದೇನೇ ಬಾಯಿ ತೆಗೀಬೇಕು ಅನ್ನೋದು ಜ್ಞಾಪಕ ಇತ್ತಾ?"

"ಮರ್ಯಾದೆಯಾಗೇ ಬರ್ದಿದೀನಲ್ಲೇ."

"ಕಿತ್ತಾಕಿ ಅಂತ ಬರ್ದಿದೀರ ಕಣ್ರೀ! ಹಲ್ಲಿನ ಡಾಕ್ಟ್ರಿಗೆ!"

ಅಳಿಸೋಣವೆಂದರೆ ಅವರು ಆಗಲೇ ಓದಿರಬಹುದು; ಅಳಿಸಿದರೆ ಹೇಡಿಯೆಂಬ ಬಿರುದು ಬೇರೆ. ಆಫೀಸಿನಲ್ಲಿ ಫೈಲು ತೆರೆಯುವುದಕ್ಕಿಂತ ಹೆಚ್ಚು ಸಲ ಫೋನು ತೆರೆದೆ. ನನ್ನ ಕಾಮೆಂಟಿನ ಮೇಲೆ ಬರೆದವರಿಗೂ ಕೆಳಗೆ ಬರೆದವರಿಗೂ ಡಾಕ್ಟರು ಧನ್ಯವಾದ ಹೇಳಿದ್ದರು. ನನಗೆ ಮಾತ್ರ ಉತ್ತರವಿಲ್ಲ. ಆ ಮೌನಕ್ಕೇ ಹಲ್ಲು ಜುಮ್ಮೆನ್ನತೊಡಗಿತು.

ಸಾಯಂಕಾಲ ಕ್ಲಿನಿಕ್ಕಿನ ಬಾಗಿಲಲ್ಲೇ ಅಲ್ಲಿನ ಹುಡುಗಿ, "ಮೇಡಂ ಬೆಳಿಗ್ಗೆಯಿಂದ ನಿಮ್ಮನ್ನೇ ಕೇಳ್ತಿದ್ರು ಸಾರ್" ಎಂದಳು. ಕುರ್ಚಿ ಹಿಂದಕ್ಕೆ ವಾಲಿತು. ಮುಖಗವಸಿನ ಮೇಲೆ ಡಾಕ್ಟರ ಕಣ್ಣಷ್ಟೇ ಕಾಣುತ್ತಿತ್ತು. ಅದರಲ್ಲಿ ಕೋಪವಿತ್ತೋ ಇಲ್ಲವೋ ಎಂದು ಓದುವಷ್ಟು ವಿಮರ್ಶಾಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬಾಯಿಗೆ ಹತ್ತಿ ತುರುಕಿ, ಎಂಜಲು ಹೀರುವ ಕೊಳವೆ ಸಿಕ್ಕಿಸಿ, ಇನ್ನು ಇವನು ಮಾತಾಡಲಾರ ಎಂದು ಖಾತ್ರಿಯಾದ ಮೇಲೆ ಅವರು ಶುರುಮಾಡಿದರು.

"ನಿಮ್ಮ ಕಾಮೆಂಟ್ ಓದಿದೆ."

"ಆಂ" ಎಂದೆ.

"ಆ ಪ್ಯಾರಾ ಬರೆಯೋಕೆ ನಂಗೆ ಭಾನುವಾರ ಪೂರ್ತಿ ಹಿಡೀತು." ಡ್ರಿಲ್ ಗುಯ್‌ಗುಟ್ಟಿತು. "ಅಡುಗೆಮನೇಲಿ ಕೂತು ಓದ್ಕೊಂಡು ಅತ್ತಿದೀನಿ ಸಾರ್, ನಾನು." ಮತ್ತೆ ಗುಯ್. "ಎಲ್ಲರೆದುರಿಗೆ ಬರೆಯೋ ಬದ್ಲು ಒಂದು ಫೋನ್ ಮಾಡ್ಬಹುದಿತ್ತು."

ಒಪ್ಪಿಗೆಯೆಂದು ತಲೆಯಾಡಿಸಹೋದೆ.

"ಅಲ್ಲಾಡ್ಬೇಡಿ!"

ಕಲ್ಲಾದೆ. ಆಮೇಲೆ ಬಹಳ ಹೊತ್ತು ಡ್ರಿಲ್ ಒಂದೇ ಮಾತಾಡಿತು. ಬೈಗುಳವಾದರೂ ಬರಲಿ ಎಂದು ಕಾದೆ. ಕೊನೆಗೆ ಹತ್ತಿ ತೆಗೆದು, ಬಾಯಿ ಮುಕ್ಕಳಿಸಲು ಹೇಳಿ, ಮುಖಗವಸು ಇಳಿಸಿದರು. "ಆದ್ರೆ ನೀವು ಹೇಳಿದ್ದು ಸರಿ. ಆ ಕಥೆ ನಿಜವಾಗ್ಲೂ ನಡೆದದ್ದೇ. ಆ ಯಜಮಾನ್ರು ಕೈ ಇಳಿಸ್ದಾಗ ನಾನೇನೂ ಮಾತಾಡಿರ್ಲಿಲ್ಲ, ಸುಮ್ನೆ ನಿಂತಿದ್ದೆ. ಕಥೇಲಿ ಯಾಕೆ ಮಾತಾಡಿದ್ನೋ! ತೆಗೆದುಬಿಡ್ತೀನಿ. ಸೋಮವಾರ ಬನ್ನಿ, ಹಲ್ಲಿಗೆ ಕ್ಯಾಪ್ ಹಾಕೋಣ."

ಯುದ್ಧ ಗೆದ್ದವನಂತೆ ಮನೆಗೆ ಬಂದು, ಮರಗಟ್ಟಿದ ನಾಲಿಗೆಯಲ್ಲೇ ಸುಮಿತ್ರಳಿಗೆ ಪ್ರಾಮಾಣಿಕತೆಯ ಮಹಿಮೆಯನ್ನು ವಿವರಿಸಿದೆ. ಅವಳು ಅನ್ನ ಮೆತ್ತಗೆ ಕಲಸಿಕೊಟ್ಟಳು.

ಮರುದಿನ ಡಾಕ್ಟರು ಹಳೆಯದನ್ನು ಕಾಮೆಂಟುಗಳ ಸಮೇತ ಅಳಿಸಿ, "ಓದುಗರೊಬ್ಬರ ಸಲಹೆಯಂತೆ ತಿದ್ದಿದ್ದೇನೆ" ಎಂದು ಕಥೆಯನ್ನು ಹೊಸದಾಗಿ ಹಾಕಿದರು. ಕೆಳಗೆ ಗಲಾಟೆಯೋ ಗಲಾಟೆ. "ಕೊನೇ ಸಾಲುಗಳಲ್ಲೇ ಜೀವ ಇತ್ತು ಮೇಡಂ." "ನಾನದನ್ನ ಸ್ಟೇಟಸ್‌ಗೆ ಹಾಕ್ಕೊಂಡಿದ್ದೆ!" ಗುಂಪಿಗೆಲ್ಲ ಹಿರಿಯರಾದ ನಿವೃತ್ತ ಹೆಡ್‌ಮೇಷ್ಟ್ರೊಬ್ಬರು, "ಕಥೆಗೆ ಕತ್ತರಿ ಹಾಕಿಸಿದ ಆ ಮಹಾಪಂಡಿತರು ಯಾರೋ?" ಎಂದು ಕೇಳಿದರು. ಡಾಕ್ಟರು ನನ್ನ ಹೆಸರೆತ್ತದೆ, "ಅವರು ಹೇಳಿದ್ದು ಸರಿ ಎಂದು ನನಗೇ ಅನ್ನಿಸಿತು" ಎಂದಷ್ಟೇ ಉತ್ತರಿಸಿದ್ದರು. ಅವರೊಬ್ಬರೇ ಅಷ್ಟು ಜನಕ್ಕೂ ಎದುರಾಗಿ ನಿಂತಿದ್ದರು.

"ನಾನೇ ಸ್ವಾಮಿ, ಈಗಲೂ ಅದನ್ನೇ ಹೇಳುತ್ತೇನೆ" ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಮೇಷ್ಟ್ರ ಪ್ರಶ್ನೆಗೆ ಲೈಕುಗಳು ಏರುತ್ತಲೇ ಇದ್ದವು. ಸುಮ್ಮನಿದ್ದರೆ ನನ್ನ ಮೇಲೇ ಅನುಮಾನ ಬಂದೀತು ಎನ್ನಿಸಿತು. ಬರೆದದ್ದನ್ನು ಪೂರ್ತಿ ಅಳಿಸಿ, ಮೇಷ್ಟ್ರಿಗೆ ನಾನೂ ಒಂದು ಲೈಕು ಒತ್ತಿಬಿಟ್ಟೆ.

ಫೋನು ಟಿಣ್ ಎಂದಿತು. ಡಾಕ್ಟರ ಮೆಸೇಜು: "ನಿಮ್ಮ ಲೈಕ್ ನೋಡಿದೆ ಸಾರ್. ಸೋಮವಾರ ಮರೀದೆ ಬನ್ನಿ." ಪಕ್ಕದಲ್ಲೊಂದು ಹಲ್ಲು ಕಿರಿಯುವ ಹಳದಿ ಮುಖ. ಅದು ನಗುತ್ತಿದೆಯೋ ಹಲ್ಲು ಕಡಿಯುತ್ತಿದೆಯೋ ತಿಳಿಯದೆ ಸುಮಿತ್ರಳಿಗೆ ತೋರಿಸಿ, "ಏನನ್ಸತ್ತೆ ನಿಂಗೆ?" ಎಂದೆ.

ಅವಳು ಮೊದಲು ಫೋನನ್ನು, ಆಮೇಲೆ ನನ್ನನ್ನು ನೋಡಿದಳು. "ಪ್ರಾಮಾಣಿಕವಾಗಿ ಹೇಳ್ಲಾ?"

ಬೇಡವೆಂದೆ.