ಡೆಸ್ಕ್‌ಟಾಪ್ ಮ್ಯಾಲೆ ಇಟ್ಟಿದ್ದೆಲ್ಲಾ ಎಲ್ಲಿಗ್ಹೋತು?

ಕೊಟ್ಟೂರಾಗ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತಿ. "ಭಾಳ ಸ್ಲೋ ಆಗೇತ್ರಿ, ಹೊಸಾ ಓಎಸ್ ಹಾಕ್ರಿ" ಅಂತ ನಕ್ಕೋಂತ ಬಂದವರು ಸಂಜಿಗೆ "ನನ್ನ ಫೈಲ್ ಎಲ್ಲಿ?" ಅಂತ ಎದಿ ಬಡ್ಕೊಳ್ಳೋದು ಇಲ್ಲಿ ವಾರಕ್ಕೊಮ್ಮೆ ಇದ್ದದ್ದ. ಹೊಸಾದು ಹಾಕಬೇಕಂದ್ರ ಸಿ ಡ್ರೈವ್ ಫಾರ್ಮ್ಯಾಟ್ ಹೊಡಿಬೇಕು, ಅಂದ್ರ ಪೂರಾ ಅಳಿಸಬೇಕು. ಅದಕ್ಕ ಮೊದ್ಲ ಕೇಳಿಬಿಡ್ತೀನಿ. ಕೇಳಿದ್ರೇನ್ ಬಂತು!

೧

ಹಂಪಸಾಗರದ ರಿಟೈರ್ಡ್ ಮೇಷ್ಟ್ರು ಬಂದ್ರು.

"ಸಿ ಡ್ರೈವ್‌ನಾಗ ಏನಾರ ಐತೇನ್ರಿ ಸರ್?"

"ಏನೂ ಇಲ್ಲಪ. ಎಲ್ಲಾ ಡೆಸ್ಕ್‌ಟಾಪ್ ಮ್ಯಾಲೆ ಕಣ್ಣೆದುರಿಗೇ ಇಟ್ಟೀನಿ."

ಡೆಸ್ಕ್‌ಟಾಪ್ ಇರೋದೇ ಸಿ ಡ್ರೈವ್ ಒಳಗ್ರಿ ಅಂತ ತಿಳಿಸಿ ಹೇಳಿದೆ. ಮೇಷ್ಟ್ರು ನನ್ನ ಮುಖಾನ ನೋಡಿದ್ರು. "ಮೂವತ್ತು ವರ್ಷ ಪಾಠ ಹೇಳೀನಿ. ಮ್ಯಾಲೆ ಇಟ್ಟಿದ್ದು ಒಳಗ ಹೆಂಗಿರ್ತೈತಲೇ? ಮುಂದಿನ ಬೆಂಚಿಗೆ ಬಂದು ಕೂಡು!"

೨

ಹೊಳಲಿನ ಅಕ್ಕಾರೊಬ್ರು ಬ್ಲೌಸಿಗೆ ಕಂಪ್ಯೂಟರ್ ಕಸೂತಿ ಹಾಕ್ತಾರ. "ಡಿಸೈನಿಂದು ಬ್ಯಾಕಪ್, ಅಂದ್ರ ಇನ್ನೊಂದು ಕಾಪಿ, ತೊಗೊಂಡೀರೇನಕ್ಕಾ?" ಅಂದೆ. "ಹೂಂನಪ್ಪಾ, ನಿನ್ನೀನ ತೊಗೊಂಡೀನಿ!"

ಏನ್ ಖುಷಿ ಆತ್ರಿ ನನಗ! ಜೀವನದಾಗ ಮೊದಲ ಸಲ ಬ್ಯಾಕಪ್ ತೊಗೊಂಡ ಗಿರಾಕಿ! ಇನ್ನೇನು ಫಾರ್ಮ್ಯಾಟ್ ಒತ್ತಬೇಕು, ಯಾಕರ ಇರ್ಲಿ ಅಂತ, "ಎಲ್ಲೈತಿ, ತೋರಸ್ರಿ" ಅಂದೆ. ಮೊಬೈಲ್ ತಗದ್ರು. ಸ್ಕ್ರೀನಿನ ಫೋಟೋ ಹೊಡ್ಕೊಂಡಿದ್ರು!

"ನೋಡಪ್ಪಾ, ಎಲ್ಲಾ ಫೋಲ್ಡರೂ ಬಂದಾವ. ಒಂದೂ ಬಿಟ್ಟಿಲ್ಲ!"

೩

ಇದು ಮಾತ್ರ ತಪ್ಪು ನಂದ. ಹರಪನಹಳ್ಳಿ ಕಡೆ ಗಂಡು-ಹೆಣ್ಣು ಕೂಡಿಸೋ ಹಿರಿಯರೊಬ್ರದು ಕಂಪ್ಯೂಟರ್. ಮಾತಾಡ್ಕೋಂತ ಕೇಳೋದ ಮರ್ತು ಫಾರ್ಮ್ಯಾಟ್ ಹೊಡೆದುಬಿಟ್ಟೆ. ನೂರಾರು ಫೋಟೋ, ಬಯೋಡಾಟಾ, ಎಲ್ಲಾ ಢಮಾರ್!

"ಲೇ ತಮ್ಮಾ, ಈ ಐತವಾರ ಗಂಡಿನವರನ್ನ ಹಲವಾಗಲಿಗೆ ಹೆಣ್ಣು ನೋಡಾಕ ಕರ್ಕೊಂಡು ಹೋಗಬೇಕು. ಮೊದ್ಲು ಹುಡುಗಿ ಫೋಟೋ ಕಳ್ಸು ಅಂತ ಕುಂತಾರ. ಇನ್ಮ್ಯಾಲೆ ನನ್ನ ಮಾತು ಯಾರು ನಂಬ್ತಾರ?" ಅಂತ ಕಣ್ಣಾಗ ನೀರು ತಂದ್ರು.

ಅಳಿಸಿದ್ದನ್ನ ಹುಡುಕಿ ತರೋ ಸಾಫ್ಟ್‌ವೇರ್ ಓಡಿಸಿದೆ. ಎರಡು ದಿನಕ್ಕ ಬಂದ್ವು ನೋಡ್ರಿ! ಅಂಗಡ್ಯಾಗ ಕುಣಿದುಬಿಟ್ಟೆ! ಆದ್ರ ಫೈಲ್‌ಗಳ ಹೆಸರೆಲ್ಲಾ ಹೋಗಿ ಬರೇ ನಂಬರ್ ಉಳಿದಿದ್ವು. ಯಾವ ಫೋಟೋ ಯಾರದು? ಅಷ್ಟು ಮುಖ ಹಿರಿಯರಿಗೂ ನೆನಪಿಲ್ಲ. ಇಬ್ರೂ ಕುಂತು ಅಂದಾಜಿನ ಮ್ಯಾಲೆ ಒಂದು ಫೋಟೋ ಆರಿಸಿ ಗಂಡಿನವರಿಗೆ ಕಳಿಸಿದ್ವಿ.

ಸೋಮವಾರ ಹಿರಿಯರು ಬಂದ್ರು. "ಚಹಾ ತಂದಾಕಿ ಫೋಟೋದಾಗಿನ ಹುಡುಗಿ ಅಲ್ಲಲೇ!"

ನಾನಂದೆ, "ಮುಂದ?"

"ಎಲ್ಲಾರೂ ಮುಖ ಮುಖ ನೋಡ್ಕೊಂಡ್ರು. ನಾನು ಚಪ್ಲಿ ಹುಡುಕಾಕ ಹತ್ತಿದೆ. ಅಷ್ಟರಾಗ ಹುಡುಗ ಎದ್ದು, 'ಫೋಟೋ ಯಾರದಾರ ಇರ್ಲಿ, ನನಗ ಈಕಿನ ಬೇಕು' ಅಂದ. ಹುಡುಗೀನೂ ಹೂಂ ಅಂದ್ಲು!"

ಚೀಲದಾಗಿನ ಪೇಡೆ ತಗದು ನನ್ನ ಬಾಯಿಗೆ ಇಟ್ರು. ಅದರ ಹಿಂದನ ತಮ್ಮ ಕಂಪ್ಯೂಟರ್ ತಂದು ಟೇಬಲ್ ಮ್ಯಾಲೆ ಕುಕ್ಕಿದ್ರು.

"ಮೂರು ವರ್ಷದಿಂದ ನಾನು ತಿಳಿದು ಹೊಂದಿಸಿದ್ದು ಒಂದೂ ಕೂಡಿರಲಿಲ್ಲ. ಇನ್ನೂ ನಲವತ್ತು ಹುಡುಗರು ಕುಂತಾರ. ಇನ್ನೊಂದ್ಸಲ ಫಾರ್ಮ್ಯಾಟ್ ಹೊಡಿ!"