ಅತ್ತೆಯ ಕೆರೆ ಮಾತಾಡಿದ ಸಂಜೆ

ನಮ್ಮ ಅತ್ತೆಗೆ ಮನುಷ್ಯರಿಗಿಂತ ಕಪ್ಪೆಗಳ ಮೇಲೆ ಗೌರವ ಹೆಚ್ಚು ಎಂದರೆ ನೀವು ನಗುತ್ತೀರಿ. ನಗಿ! ಕಪ್ಪೆ ವಟಗುಟ್ಟಿದರೆ "ಶ್ಶ್!" ಎಂದು ಇಡೀ ಮನೆಯನ್ನು ಸುಮ್ಮನಾಗಿಸುತ್ತಿದ್ದವರು, ನಮ್ಮಪ್ಪ ಬಾಯಿ ತೆರೆದರೆ ಆಕಳಿಸುತ್ತಿದ್ದರು.

ಅವರು ಅಪ್ಪನ ಅಕ್ಕ. ನಾವು ಬೀದರದಿಂದ ಬಂದು ನಾಸಿಕ್ ರೋಡ್ ಎಂಬ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅತ್ತೆ ಔರಂಗಾಬಾದಿನಲ್ಲಿ ಟೆಲಿಫೋನ್ ಆಪರೇಟರ್. ದಿನವಿಡೀ ಊರವರ "ಹಲೋ ಹಲೋ" ಕೇಳಿದ ಕಿವಿಗೆ ವಿಶ್ರಾಂತಿ ಬೇಡವೇ? ಬೇಡವಂತೆ! ಕೇಳಿದ ಸದ್ದನ್ನೆಲ್ಲ ತುಂಬಿಕೊಳ್ಳಲು ಒಂದು ಟೇಪ್ ರೆಕಾರ್ಡರ್ ಕೊಂಡರು.

ವೈಜಾಪುರದಿಂದ ವರನೊಬ್ಬ ಅವರನ್ನು ನೋಡಲು ಬಂದಿದ್ದ. ಅತ್ತೆ ಅವನ ಮುಂದೆ ಮೈಕು ಹಿಡಿದರು. ತನ್ನನ್ನು ಹಾಡಿಸುತ್ತಾರೆಂದು ಅವನು ಗಂಟಲು ಸರಿಮಾಡಿಕೊಂಡ. ಅತ್ತೆಗೆ ಬೇಕಾಗಿದ್ದು ಅವನು ಚಹಾ ಹೀರುವ ಸದ್ದು! ತಿರುಗಿ ಕೇಳಿಸಿದಾಗ ಎಮ್ಮೆ ಕೆಸರಿನಿಂದ ಕಾಲು ಕಿತ್ತಂತಿತ್ತು. ಹೋದ ವರ ಮತ್ತೆ ಬರಲಿಲ್ಲ. "ಆವಾಜ್ ಭಾಳ ಚಲೋ ಇತ್ತು" ಎಂದು ಅತ್ತೆ ಮಾತ್ರ ಅವನನ್ನು ಮನಸಾರೆ ಹೊಗಳಿದರು.

ಅತ್ತೆಯ ಜೊತೆ ಒಂದೇ ಮನೆಯಲ್ಲಿದ್ದವರು ಮಾಲತಿಬಾಯಿ, ಶಾಲೆಯ ಡ್ರಾಯಿಂಗ್ ಟೀಚರ್. ಅವರ ಹತ್ತಿರ ಹಳೆಯದೊಂದು ಸಿನಿಮಾ ಕ್ಯಾಮರಾ ಇತ್ತು. ಅದಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಕಿವಿಯಾಗಿ ಅತ್ತೆ ಇದ್ದರಲ್ಲ! ಭಾನುವಾರ ಸಂಜೆ ಇಬ್ಬರೂ ಊರಾಚೆಯ ಕೆರೆಗೆ ಹೊರಡುತ್ತಿದ್ದರು. ರಜೆಯಲ್ಲಿ ಹೋದಾಗ ನಾನೂ.

ಊರಿನಲ್ಲಿ ಎಲ್ಲಿಯೂ ನಿಶ್ಚಿಂತೆಯಾಗಿ ಕೂರಲಾಗದವರು ಆ ದಂಡೆಗೆ ಬರುತ್ತಿದ್ದರು. ಹಿಜ್ರಾಗಳ ಗುರು ಚಂದಾಬಾಯಿ ನಮ್ಮ ಕಲಬುರ್ಗಿ ಕಡೆಯವರು. "ಬಾಯಾರ, ಕಪ್ಪಿ ಬಿಟ್ಟು ನಮ್ಮ ಚಪ್ಪಾಳಿ ತುಂಬ್ಕೋರಿ! ಕಪ್ಪಿಗಿ ಯಾರೂ ಅಂಜಂಗಿಲ್ಲ" ಎನ್ನುತ್ತಿದ್ದರು. ಟೇಲರ್ ವಸಂತ ಕಿವಿಯ ಹಿಂದೆ ಮಲ್ಲಿಗೆ ಸಿಕ್ಕಿಸಿಕೊಂಡು ನಾಚುತ್ತಿದ್ದ. ಅತ್ತೆ ಎಲ್ಲರ ಮಾತನ್ನೂ ತುಂಬಿಕೊಂಡರು, ಮಾಲತಿಬಾಯಿ ಎಲ್ಲರ ಮುಖವನ್ನೂ.

ಮುಂದಿನ ಬೇಸಿಗೆಗೆ ಇಬ್ಬರೂ ತಮ್ಮ ಸಿನಿಮಾ ಹೊತ್ತು ನಾಸಿಕ್ ರೋಡಿಗೆ ಇಳಿದರು. ಹಿಂದೆಯೇ ಚಂದಾಬಾಯಿ ಮತ್ತು ವಸಂತ! ಅಪ್ಪ ಅತ್ತೆಯನ್ನು ಪಕ್ಕಕ್ಕೆ ಕರೆದರು. ಸಾಲದ್ದಕ್ಕೆ ಅಂದು ಬೀದರದ ದೊಡ್ಡಪ್ಪನೂ ನಮ್ಮ ಮನೆಗೆ ಬಂದಿದ್ದರು.

"ಅಕ್ಕಾ, ಇವರನ್ನೂ ಕರ್ಕೊಂಡ ಬಂದೀಯೇನ? ಮಂದಿ ಏನಂತಾರ?"

"ಅನ್ನಲಿ ಬಿಡೋ. ಟೇಪಿನಾಗ ಇನ್ನೂ ಜಾಗಾ ಅದ."

ಸಂಜೆ ನಡುಮನೆಯ ಗೋಡೆಗೆ ಅಂಗಡಿಯ ಬಿಳಿ ಲಟ್ಠಾ ಬಟ್ಟೆ ಕಟ್ಟಿದೆವು. ಚಿತ್ರ ಒಂದು ಯಂತ್ರದಿಂದ, ಸದ್ದು ಇನ್ನೊಂದರಿಂದ. ಎರಡಕ್ಕೂ ಜನ್ಮದ ವೈರ! ಕೊಕ್ಕರೆ ಕೊಕ್ಕು ತೆರೆದರೆ ಚಂದಾಬಾಯಿಯ ನಗು. ಚಂದಾಬಾಯಿ ಚಪ್ಪಾಳೆ ತಟ್ಟಿದರೆ "ವಟರ್!" ಎಲ್ಲರಿಗಿಂತ ಜೋರಾಗಿ ನಕ್ಕವರು ಚಂದಾಬಾಯಿಯೇ.

ಆಮೇಲೆ ಪರದೆಯ ಮೇಲೆ ಬರೀ ನೀರು. ಟೇಪಿನಲ್ಲಿ ವಸಂತನ ದನಿ: "ಇಲ್ಲಿ ಹೂ ಮುಡಿಯುತ್ತೇನೆ. ಮನೆಗೆ ಹೋಗುವಾಗ ತೆಗೆಯುತ್ತೇನೆ." ಅದರ ಹಿಂದೆಯೇ ಮಾಲತಿಬಾಯಿಯ ಮೆಲುದನಿ, ಮರಾಠಿಯಲ್ಲಿ: "ಇಲ್ಲಿ ನಾವಿಬ್ಬರೂ ಕೈ ಹಿಡಿದು ಕೂರುತ್ತೇವೆ. ಯಾರೂ ಏನೂ ಕೇಳುವುದಿಲ್ಲ."

ದೊಡ್ಡಪ್ಪ ಕೆಮ್ಮಿ ಅಪ್ಪನತ್ತ ತಿರುಗಿದರು. "ಏನೋ, ಈ ಬಾಯಿ ನಿಮಗ ಏನಾಗಬೇಕು?"

ಅಲ್ಲಿಯವರೆಗೂ ಮಾಲತಿಬಾಯಿಯನ್ನು "ಅಕ್ಕನ ರೂಮ್ ಪಾರ್ಟ್ನರ್" ಎಂದು ಹೇಳಿ ಜಾರಿಕೊಳ್ಳುತ್ತಿದ್ದ ಅಪ್ಪ ಎದ್ದು ನಿಂತರು. ದನಿ ಬೀದಿಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ನಮ್ಮ ಅಕ್ಕನ ಮನಿಯವರು, ಅಣ್ಣಾ. ಈ ಸಿನಿಮಾ ಇಬ್ಬರೂ ಕೂಡಿ ಮಾಡ್ಯಾರ. ನಮ್ಮ ಖಾನ್ದಾನಿನಾಗ ಇಂಥಾದ್ದು ಯಾರ ಮಾಡ್ಯಾರ, ಹೇಳು ನೋಡೋಣ?"

ದೊಡ್ಡಪ್ಪ ಪರದೆಯತ್ತ ತಿರುಗಿ ಕೂತರು. ಎದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹೊರಟು ನಿಂತಾಗ ಅಪ್ಪ ಅಡುಗೆಮನೆಯತ್ತ ಕೂಗಿದರು: "ಏ, ಇವರಿಗ ಉಡಿ ತುಂಬು." ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನವರು ತುಂಬುವ ಉಡಿ! ಅಮ್ಮ ಅಕ್ಕಿ, ಕೊಬ್ಬರಿ, ರವಿಕೆಯ ಖಣ ತಂದಳು. ಎಲ್ಲವೂ ಎರಡೆರಡು.

ಅತ್ತೆ ಮತ್ತು ಮಾಲತಿಬಾಯಿ ಪಕ್ಕಪಕ್ಕ ನಿಂತು ಸೆರಗೊಡ್ಡಿದರು.