ಮೆತ್ತಗಾದ ಬ್ರೇಕು

ಐವತ್ತು ದಾಟಿದ ಗಂಡಸಿಗೆ ಒಂದಾದರೂ ಹುಚ್ಚು ಬೇಕು. ಇಲ್ಲದಿದ್ದರೆ ಅವನು ಅಡುಗೆಮನೆಯ ವ್ಯವಹಾರಗಳಲ್ಲಿ ತಲೆ ಹಾಕತೊಡಗುತ್ತಾನೆ. ನಮ್ಮ ಬ್ಯಾಂಕಿನ ನಾಸಿಕ ಶಾಖೆಯಲ್ಲಿ ಇಂಥ ಹುಚ್ಚುಗಳಿಗೆ ಕೊರತೆಯಿಲ್ಲ. ಒಬ್ಬರು ಮನೆಯ ಟೆರೇಸಿನ ಮೇಲೆ ದ್ರಾಕ್ಷಿ ಬಳ್ಳಿ ಹಬ್ಬಿಸಿ, ಹಣ್ಣಾಗುವ ಮೊದಲೇ ಹಂಚಿ ನಮ್ಮೆಲ್ಲರ ಹಲ್ಲು ಜುಮ್ಮೆನ್ನಿಸುತ್ತಾರೆ. ಇನ್ನೊಬ್ಬರು ಹಾರ್ಮೋನಿಯಂ ಕಲಿಯುತ್ತಿದ್ದಾರೆ. ಅವರ ಪಕ್ಕದ ಮನೆಯವರು ಬೇರೆ ಮನೆ ಹುಡುಕುತ್ತಿದ್ದಾರೆ. ಕಲಬುರಗಿಯಿಂದ ವರ್ಗವಾಗಿ ಬಂದ ನನಗೆ ಅಂಟಿಕೊಂಡದ್ದು ಟ್ರ್ಯಾಕ್ ಡೇ ಎಂಬ ಹುಚ್ಚು. ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಆಮೇಲೆ ದಂಡ ಕಟ್ಟಬೇಕಲ್ಲ, ಇಲ್ಲಿ ಅದನ್ನು ಮೊದಲೇ ಕಟ್ಟಿ ಒಳಗೆ ಹೋಗುವುದು, ಅಷ್ಟೇ ವ್ಯತ್ಯಾಸ. ಸುತ್ತಿ ಬರುವ ಒಂದು ರಸ್ತೆ, ಎದುರಿಗೆ ಬರುವ ವಾಹನಗಳಿಲ್ಲ, ಅಡ್ಡ ಬರುವ ಎಮ್ಮೆಗಳಿಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು ನಮ್ಮ ನಮ್ಮ ಕಾರನ್ನು ನಾವೇ ಸುತ್ತಿಸುತ್ತೇವೆ. ಸ್ಪರ್ಧೆಯೂ ಇಲ್ಲ, ಬಹುಮಾನವೂ ಇಲ್ಲ.

ನಾನು ವೇಗದ ಸರದಾರನೆಂದು ದಯವಿಟ್ಟು ತಿಳಿಯಬೇಡಿ. ನನ್ನದು ಹಳೆಯ ಸಣ್ಣ ಕಾರು, ನನ್ನ ಎದೆಯೂ ಅದೇ ಅಳತೆಯದು. ಅಲ್ಲಿಗೆ ಬರುವ ಹುಡುಗರು ನನ್ನನ್ನು ಕಾಕಾ ಎನ್ನುತ್ತಾರೆ. ಹಿಂದಿನಿಂದ ಬಂದು ದಾಟಿ ಹೋಗುವಾಗಲೂ, ಗುಡಿಯಲ್ಲಿ ಹಿರಿಯರನ್ನು ದಾಟುವವರಂತೆ ತುಸು ಸಂಕೋಚದಿಂದಲೇ ದಾಟುತ್ತಾರೆ.

ಹೀಗೆ ಎಲ್ಲ ಸುಖವಾಗಿದ್ದಾಗ ನನ್ನ ಕಾರಿನ ಬ್ರೇಕು ಮೆತ್ತಗಾಯಿತು. ಮೊದಲು ಪೆಡಲ್ ಒತ್ತಿದರೆ ಮಣೆಯ ಮೇಲೆ ಕಾಲಿಟ್ಟಷ್ಟು ಗಟ್ಟಿಯಾಗಿ ತಡೆಯುತ್ತಿತ್ತು. ಈಗ ಹೂರಣದ ಮೇಲೆ ಕಾಲಿಟ್ಟ ಹಾಗೆ ಕೆಳಗೆ ಕೆಳಗೆ ಇಳಿಯತೊಡಗಿತು. ಎರಡು ಮೂರು ಸಲ ಬೇಗಬೇಗ ತುಳಿದರೆ ಮತ್ತೆ ಗಟ್ಟಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೂರಣ. ನಾವಿರುವ ಹೌಸಿಂಗ್ ಸೊಸೈಟಿಯಲ್ಲಿ ಒಬ್ಬನಿಗೆ ಬೆನ್ನುನೋವು ಬಂದರೂ ಕಾರಿಗೆ ನೋವು ಬಂದರೂ ಔಷಧ ಹೇಳುವವರು ಅದೇ ಜನ. ಮೇಲಿನ ಮನೆಯವರು ಪ್ಯಾಡ್ ಸವೆದಿದೆ ಎಂದರು. ಸಾತಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಎದುರುಮನೆಯವರು, ಬ್ರೇಕ್ ಆಯಿಲ್ ಹಳೆಯದಾದರೆ ನೀರು ಹೀರುತ್ತದೆ, ಟ್ರ್ಯಾಕಿನ ಬಿಸಿಗೆ ಒಳಗೇ ಕುದಿಯುತ್ತದೆ, ಅದನ್ನು ಬದಲಿಸಿ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ನಾನು ಆಯಿಲ್ ಬದಲಿಸಿದೆ. ಪೆಡಲ್ ಮಾತ್ರ ಬದಲಾಗಲಿಲ್ಲ.

ಹಾಗಾದರೆ ಒಳಗೆ ಗಾಳಿ ಸೇರಿದೆ ಎಂದು ನಾನೇ ತೀರ್ಮಾನಿಸಿದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ಕೊಳವೆಯಲ್ಲಿ ಒಂದು ಗುಳ್ಳೆ ಕೂತರೂ ಸಾಕು, ನಮ್ಮ ಒತ್ತಡವನ್ನೆಲ್ಲ ಅದೇ ನುಂಗುತ್ತದೆ. ಅದನ್ನು ಹೊರಗೆ ಬಿಡಲು ಪ್ರತಿ ಚಕ್ರದ ಹಿಂದೆ ರಬ್ಬರ್ ಟೊಪ್ಪಿಗೆ ಹಾಕಿದ ಒಂದು ಸಣ್ಣ ತಿರುಪು ಇರುತ್ತದೆ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ತಿರುಪು ಸಡಿಲಿಸಬೇಕು. ಒಳಗೆ ಕೂತವಳು ನನ್ನ ಹೆಂಡತಿ ಗಿರಿಜಾ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕಾರಿನ ಕೆಳಗಿನಿಂದ ನಾನು ಕೂಗತೊಡಗಿದೆ. "ಒತ್ತು, ಹಿಡಿ, ಬಿಡಬ್ಯಾಡ, ಈಗ ಬಿಡು." ಒಳಗಿನಿಂದ ಅವಳೂ ಅಷ್ಟೇ ಜೋರಾಗಿ, ಹಿಡಿದೀನಿ, ಬಿಟ್ಟೀನಿ, ಎಷ್ಟೊತ್ತು ಹಿಡೀಲಿ ಎನ್ನುತ್ತಿದ್ದಳು. ಕನ್ನಡದ ಒಂದೆರಡು ಮಾತಷ್ಟೇ ಬರುವ ನೆರೆಯವರಿಗೆ ಅದು ಸಂಸಾರದ ಜಗಳದಂತೆ ಕೇಳಿಸಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಕೊನೆಗೆ ಮೇಲಿನ ಮನೆಯ ಅಜ್ಜಿ ಕೋಲೂರಿಕೊಂಡು ಇಳಿದು ಬಂದು, ಇಷ್ಟು ವರ್ಷ ಹೊಂದಿಕೊಂಡು ಬಂದಿದ್ದೀರಿ, ಈಗ ಯಾಕೆ ಬಿಡುವ ಮಾತು ಎಂದು ಮರಾಠಿಯಲ್ಲಿ ಗಿರಿಜಾಳಿಗೆ ಬುದ್ಧಿ ಹೇಳಿದರು. ಗಿರಿಜಾ ಪೆಡಲ್ ಮೇಲಿನ ಕಾಲು ತೆಗೆಯದೆ ಎಲ್ಲದಕ್ಕೂ ತಲೆಯಾಡಿಸಿದಳು. ಇಷ್ಟಾದರೂ ತಿರುಪಿನಿಂದ ಬಂದದ್ದು ಶುದ್ಧ ಆಯಿಲ್. ಒಂದು ಗುಳ್ಳೆಯೂ ಇಲ್ಲ.

ಮುಂದಿನ ಪರೀಕ್ಷೆ ಇನ್ನೂ ಶಾಸ್ತ್ರೀಯವಾಗಿತ್ತು. ಪ್ರತಿ ಚಕ್ರಕ್ಕೆ ಹೋಗುವ ರಬ್ಬರ್ ಪೈಪನ್ನು ಇಕ್ಕಳದಂಥ ಒಂದು ಕ್ಲಾಂಪಿನಿಂದ ಮೆಲ್ಲಗೆ ಅದುಮಿ, ಪೆಡಲ್ ಒತ್ತಿ ನೋಡುವುದು. ಯಾವ ಪೈಪನ್ನು ಅದುಮಿದಾಗ ಪೆಡಲ್ ಗಟ್ಟಿಯಾಗುತ್ತದೋ, ರೋಗ ಆ ಚಕ್ರದಲ್ಲಿದೆ ಎಂದರ್ಥ. ಹಿಂದಿನ ಎರಡನ್ನು ಅದುಮಿದರೆ ಏನೂ ಆಗಲಿಲ್ಲ. ಮುಂದಿನ ಎರಡನ್ನು ಅದುಮಿದಾಗ ಪೆಡಲ್ ಕಲ್ಲಿನಂತಾಯಿತು. ಹಳೆಯ ಪೈಪುಗಳೇ ಉಬ್ಬುತ್ತಿರಬೇಕೆಂದು ಮುಂದಿನ ಎರಡೂ ಪೈಪು ಹೊಸದು ಹಾಕಿ, ಮತ್ತೆ ಒತ್ತು ಹಿಡಿ ಬಿಡು ಮಾಡಿ, ಪೆಡಲ್ ತುಳಿದೆ. ಮೊದಲಿಗಿಂತ ಪರವಾಗಿಲ್ಲ ಅನ್ನಿಸಿತು. ಅನ್ನಿಸಬೇಕೆಂಬ ಆಸೆಯೂ ಅದರಲ್ಲಿ ಸೇರಿತ್ತು. ಯಾಕೆಂದರೆ ಅಷ್ಟರಲ್ಲಿ ಮಾವನವರು ಬೀದರಿನಿಂದ ಬಂದಿಳಿದಿದ್ದರು.

ನನ್ನ ಮಾವ ಬೀದರಿನಲ್ಲಿ ಜವಳಿ ಅಂಗಡಿ ಇಟ್ಟವರು. ದಿನಕ್ಕೆರಡು ಸಲ ಲಿಂಗಪೂಜೆ, ಹಣೆಯ ತುಂಬ ವಿಭೂತಿ, ಮಿತವಾದ ಮಾತು. ನಾನು ಟ್ರ್ಯಾಕ್ ಡೇ ಬಗ್ಗೆ ವಿವರಿಸಿದ್ದನ್ನೆಲ್ಲ ಗಮನವಿಟ್ಟು ಕೇಳಿ, "ಅಲ್ಲಿಂದ ಹೋಗೋದು ಎಲ್ಲಿಗ್ರಿ?" ಎಂದರು. ಎಲ್ಲಿಗೂ ಇಲ್ಲ, ಹೊರಟಲ್ಲಿಗೇ ಬರುವುದು ಎಂದೆ. ಸ್ವಲ್ಪ ಯೋಚಿಸಿ, "ಹಂಗಾದ್ರ ನಾನೂ ಬರ್ತೀನಿ" ಎಂದರು.

ಟ್ರ್ಯಾಕ್ ಇರುವುದು ಛತ್ರಪತಿ ಸಂಭಾಜಿನಗರದ ಹೊರಗೆ, ದೌಲತಾಬಾದಿನ ಗುಡ್ಡ ದೂರಕ್ಕೆ ಕಾಣುವ ಬಯಲಿನಲ್ಲಿ. ದಾರಿಯಲ್ಲಿ ಯೇವಲಾ ಸಿಗುತ್ತದೆ. ನಮ್ಮ ಮನೆಯಲ್ಲಿ ಯೇವಲಾವನ್ನು ನಿಲ್ಲದೆ ದಾಟುವ ಪದ್ಧತಿಯಿಲ್ಲ. ಅಪ್ಪ ಮಗಳು ಮಗ್ಗದ ಮನೆಯೊಂದರಲ್ಲಿ ಕೂತು ಪೈಠಣಿ ಸೀರೆಯ ಸೆರಗು ತಿರುವಿ ಮರುವಿ, ಎಡದ ನವಿಲಿಗೂ ಬಲದ ನವಿಲಿಗೂ ಕೊಕ್ಕು ಒಂದೇ ಸಮ ಇದೆಯೇ ಎಂದು ಚರ್ಚಿಸುವಾಗ ನಾನು ಹೊರಗೆ ನಿಂತು ಪೆಡಲ್ ತುಳಿದು ತುಳಿದು ನೋಡುತ್ತಿದ್ದೆ. ತುಳಿಯುತ್ತಲೇ ಇದ್ದುದರಿಂದ ಅದು ಗಟ್ಟಿಯಾಗಿಯೇ ಇತ್ತು.

ಟ್ರ್ಯಾಕಿನಲ್ಲಿ ಮಾವನವರನ್ನು ಪಕ್ಕಕ್ಕೆ ಕೂಡಿಸಿಕೊಂಡೆ. ವಿಭೂತಿ ಅಳಿಸದಂತೆ ಹೆಲ್ಮೆಟ್ ತೊಡಿಸಲು ಗಿರಿಜಾ ಪಟ್ಟ ಪಾಡು ಬೇರೆ. ಮೊದಲ ಸುತ್ತು ನಿಧಾನ, ಎರಡನೆಯದು ಸುಮಾರು. ಆಮೇಲಿನದರಲ್ಲಿ, ನೇರ ದಾರಿ ಮುಗಿದು ಬಲಕ್ಕೆ ತಿರುಗುವಲ್ಲಿ ನಾನು ಬ್ರೇಕ್ ಒತ್ತಿದೆ, ಪೆಡಲ್ ಚಾಪೆಯವರೆಗೆ ಹೋಯಿತು. ಆ ಕ್ಷಣದಲ್ಲಿ ನನಗೆ ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ಪಕ್ಕದಲ್ಲಿ ಒಬ್ಬ ಹಿರಿಯ ಮನುಷ್ಯ ನನ್ನನ್ನು ನಂಬಿ ಕೈಕಟ್ಟಿ ಕೂತಿದ್ದಾರೆ. ಎರಡನೆಯ ಸಲ ತುಳಿದೆ, ಅರ್ಧ ಹಿಡಿಯಿತು. ಮೂರನೆಯ ಸಲ ಪೂರ್ತಿ ಹಿಡಿಯುವ ಹೊತ್ತಿಗೆ ಟ್ರ್ಯಾಕ್ ಮುಗಿದಿತ್ತು. ಕಾರು ಹುಲ್ಲು ದಾಟಿ, ಬೇಲಿಯಿಲ್ಲದ ಕಡೆಯಿಂದ ಪಕ್ಕದ ಹತ್ತಿಯ ಹೊಲಕ್ಕೆ ಇಳಿದು, ಬಿಡಿಸಿ ಮುಗಿದಿದ್ದ ಗಿಡಗಳ ನಡುವೆ ನಿಂತಿತು. ಧೂಳು ಇಳಿಯಿತು. ಪೆಟ್ಟಾಯಿತೇನು ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಮಾವನವರು ಹೆಲ್ಮೆಟ್ಟಿನ ಗಾಜು ಎತ್ತಿ ಎಡಬಲ ನೋಡಿದರು.

"ಅಳಿಯಂದ್ರ, ಹೊಲದಾಗ ಇಳಿಯೋದೂ ಇದರಾಗೇ ಬರ್ತದೇನ್ರಿ?"

ಅವರಿಗೆ ಏನೂ ಆಗಿರಲಿಲ್ಲ. ನನಗೆ ಉಸಿರು ಬಂತು. ಟ್ರ್ಯಾಕಿನ ವ್ಯವಸ್ಥಾಪಕರು ಓಡಿ ಬಂದು, ಬ್ರೇಕ್ ಸರಿಯಾಗುವವರೆಗೆ ಈ ಕಾರು ಒಳಗೆ ಬರಕೂಡದು ಎಂದು ನಯವಾಗಿ, ಖಡಾಖಂಡಿತವಾಗಿ ಹೇಳಿದರು. ಒಳಗಿನ ಮಾತು ಹಾಗಿರಲಿ, ಅದನ್ನೇ ಓಡಿಸಿಕೊಂಡು ನಾಸಿಕಕ್ಕೆ ಮರಳುವುದಾದರೂ ಹೇಗೆ? ಗಿರಿಜಾ ತಂದೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು, ಅವಳು ಚಹಾ ತರಲು ಹೋದಳು.

ಕಾರನ್ನು ನೆರಳಿಗೆ ತಳ್ಳಿ ಮುಂದಿನ ಚಕ್ರಗಳನ್ನು ಬಿಚ್ಚಿದೆ. ಪಕ್ಕದಲ್ಲಿ ಸಂಭಾಜಿನಗರದ ಒಬ್ಬ ದಂತವೈದ್ಯರು, ಅದೇ ಮಾದರಿಯ ಕಾರಿನ ಚಕ್ರ ಬಿಚ್ಚಿ ಪ್ಯಾಡ್ ಬದಲಿಸುತ್ತಿದ್ದರು. ಗಿರಿಜಾ ಚಹಾದ ಕಪ್ಪು ಹಿಡಿದು ಅತ್ತ ಒಮ್ಮೆ ಇತ್ತ ಒಮ್ಮೆ ನೋಡುತ್ತ ನಿಂತಿದ್ದಳು.

"ರೀ, ಡಾಕ್ಟರ್ ಗಾಡಿಗಿ ರಬ್ಬರ್ ಟೊಪಗಿ ಮ್ಯಾಲ ಅದ. ನಮ್ದಕ್ಕ ಕೆಳಗ ಅದ. ಹಿಂಗೂ ಇರ್ತಾವೇನು?"

ಒಂದೊಂದು ಕಾರಿಗೆ ಒಂದೊಂದು ರೀತಿ ಇರುತ್ತದೆ ಎಂದು ವಿವರಿಸಲು ಬಾಯಿ ತೆರೆದವನು ಅರ್ಧಕ್ಕೇ ನಿಂತೆ. ಎರಡೂ ಒಂದೇ ಕಾರು. ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ಆದ್ದರಿಂದಲೇ ಅದನ್ನು ಬಿಡುವ ತಿರುಪು ಮೇಲಿರಬೇಕು. ನನ್ನದರಲ್ಲಿ ಅದು ಕೆಳಗೆ ನೋಡುತ್ತಿತ್ತು. ಜಂತೆಗೆ ಕೂತ ಹೊಗೆಯನ್ನು ನಾನು ಇಷ್ಟು ದಿನ ಬಚ್ಚಲ ಮೋರಿಯಿಂದ ಹೊರಗೆ ಕಳಿಸಲು ನೋಡುತ್ತಿದ್ದೆ. ಹಾಗಾದದ್ದು ಹೇಗೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಚಕ್ರದ ಹಿಂದೆ ಪ್ಯಾಡನ್ನು ಅದುಮುವ ಕ್ಯಾಲಿಪರ್ ಎಂಬ ಭಾಗ ಕೆಂಪಗಿದ್ದರೆ ಕಾರು ಗತ್ತಾಗಿ ಕಾಣುತ್ತದೆಂದು, ಕೆಲವು ವಾರಗಳ ಹಿಂದೆ ಎರಡನ್ನೂ ಬಿಚ್ಚಿ ಬಾಲ್ಕನಿಯಲ್ಲಿ ಬಣ್ಣ ಹಚ್ಚಿ ಒಣಗಿಸಿದ್ದೆ. ಮರಳಿ ಕೂರಿಸುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಮರ್ಯಾದೆಗಾಗಿ ಮುಚ್ಚಿಡುವ ಕಾಲ ಅದಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದೆ. ಗಿರಿಜಾ ಬಗ್ಗಿ ನೋಡಿ, "ಬಣ್ಣ ಛಲೋ ಬಂದದ ಬಿಡ್ರಿ" ಎಂದಳು.

ದಂತವೈದ್ಯರೂ ಕೈಜೋಡಿಸಿದರು. ಕ್ಯಾಲಿಪರ್‌ಗಳನ್ನು ಅದಲು ಬದಲು ಮಾಡಿ, ಹೊಸ ಆಯಿಲ್ ಸುರಿದೆವು. ಗಿರಿಜಾ ಒಳಗೆ ಕೂತು ಒತ್ತಿದಳು. ತಿರುಪು ಸಡಿಲಿಸಿದ ಕೂಡಲೇ ಪಾರದರ್ಶಕ ನಳಿಗೆಯಲ್ಲಿ ಗುಳುಗುಳು ಎಂದು ಗುಳ್ಳೆಗಳ ಮೆರವಣಿಗೆ ಹೊರಟಿತು. ಅಷ್ಟು ಸುಂದರವಾದ ಗುಳ್ಳೆಗಳನ್ನು ನಾನು ನೋಡಿರಲಿಲ್ಲ. ಪೆಡಲ್ ಮಣೆಯಂತಾಯಿತು, ಬಿಟ್ಟು ಒತ್ತಿದರೂ ಮಣೆಯಂತೆಯೇ ಇತ್ತು. ವ್ಯವಸ್ಥಾಪಕರು ತಾವೇ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿ ಒಪ್ಪಿದರು.

ನಾನು ಹೆಲ್ಮೆಟ್ಟಿಗೆ ಕೈ ಚಾಚಿದೆ. ಅದು ಆಗಲೇ ಗಿರಿಜಾಳ ತಲೆಯ ಮೇಲಿತ್ತು. ಪೆಡಲ್ ಒತ್ತಿದವಳು ತಾನು, ಹೇಗಾಗಿದೆ ಎಂದು ತಾನೇ ನೋಡುತ್ತೇನೆ ಎಂದಳು. ಬೇಡ ಎನ್ನುವ ಅಧಿಕಾರ ನನಗೆ ಆ ಹೊತ್ತಿನಲ್ಲಿ ಉಳಿದಿರಲಿಲ್ಲ. ಮಾವನವರು ಯಾರನ್ನೂ ಕೇಳದೆ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡಿದ್ದರು.

ನಾನು ಹಗ್ಗದ ಆಚೆ ದಂತವೈದ್ಯರ ಪಕ್ಕ ನಿಂತೆ. ಮೊದಲ ಸುತ್ತಿನಲ್ಲಿ ಅವಳು ತರಕಾರಿ ಮಂಡಿಗೆ ಹೋಗುವವಳಂತೆ ಹೋದಳು. ಎರಡನೆಯದರಲ್ಲಿ ನನ್ನಷ್ಟೇ ವೇಗ. ಅದರ ಮುಂದಿನದರಲ್ಲಿ ನಾನು ಎಂದೂ ದಾಟದ ಒಂದು ಕಾರನ್ನು ದಾಟಿಕೊಂಡು ಅದೇ ಬಲ ತಿರುವಿಗೆ ಬಂದಳು. ಕಾರು ಮೂಗು ಬಗ್ಗಿಸಿ, ಹೇಳಿದಲ್ಲಿ ನಿಧಾನವಾಗಿ, ಅಂದವಾಗಿ ತಿರುಗಿ ಹೋಯಿತು. ದಂತವೈದ್ಯರು ಟ್ರ್ಯಾಕನ್ನು ಬಿಟ್ಟು ನನ್ನ ಕಾಲಿನ ಕಡೆ ನೋಡುತ್ತಿದ್ದರು. ಒತ್ತಿ ಹಿಡಿದ ಬಲಗಾಲಿನ ಬೂಟು ಮಣ್ಣಿನಲ್ಲಿ ಅರ್ಧ ಹೂತು ಹೋಗಿತ್ತು. ಕಾಲು ನೋಯುತ್ತಿದೆಯೇ ಎಂದು ಅವರು ಮರಾಠಿಯಲ್ಲಿ ಕೇಳಿದರು.

ಇಲ್ಲ, ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆ ಎಂದೆ.